ನೋಡಿದೆ, ರುಸ್ಕಾ

ಮೊಂಬಾಸಾ ರೈಲಿನಿಂದ ಇಳಿದು ಲೊರೆಶೋದ ಮನೆಯ ಗೇಟು ತಳ್ಳಿದಾಗ ಇನೆಜ್ ಅವರಿಗೆ ಕೇಳಿಸಬೇಕಾಗಿದ್ದ ಸದ್ದು ಕೇಳಿಸಲಿಲ್ಲ. ನಾಯಿ ಓಡಿ ಬಂತು. ಕಿವಿ ನೆಟ್ಟಗೆ, ಬಾಲ ಬೆನ್ನ ಮೇಲೆ ಸುರುಳಿ. ಬಾಯಿ ತೆರೆದು ಮುಚ್ಚಿ ಬೊಗಳುತ್ತಲೇ ಇತ್ತು. ಹೊರಬಂದದ್ದು ಮಾತ್ರ ಹರಿದ ತಿದಿಯ ಗಾಳಿ.

ಕಾವಲಿನ ಮ್ವಾಂಗಿ ಪೆಟ್ಟಿಗೆ ಎತ್ತಿಕೊಂಡು, ಸಾವಿನ ಮನೆಯಲ್ಲಿ ಹೇಳುವಂತೆ ತಗ್ಗಿದ ದನಿಯಲ್ಲಿ, "ಪೋಲೆ, ಮಾಮಾ" ಎಂದ; ಬೇಸರವಾಯಿತು ಅಮ್ಮಾ, ಎಂದು.

ರುಸ್ಕಾ ಫಿನ್ಲೆಂಡಿನ ಬೇಟೆನಾಯಿ, ನರಿಯಂಥ ಕೆಂಪು. ಹತ್ತಿರದ ಗಿಗಿರಿಯ ಕಚೇರಿಯೊಂದರಲ್ಲಿದ್ದ ಫಿನ್ಲೆಂಡಿನ ಹೆಂಗಸು ಊರಿಗೆ ಮರಳುವಾಗ ಮರಿಯನ್ನು ಇನೆಜ್ ಅವರ ಮಡಿಲಿಗೆ ಹಾಕಿ ಹೇಳಿದ್ದಳು: ಇದು ಹಿಡಿಯುವ ನಾಯಿಯಲ್ಲ, ಕರೆಯುವ ನಾಯಿ. ಮರದಲ್ಲಿ ಹಕ್ಕಿ ಕಂಡರೆ ಬೇಟೆಗಾರ ಬರುವ ತನಕ ಬೊಗಳುತ್ತದೆ. ಯಾರಾದರೂ ಹೋಗಿ ನೋಡಬೇಕು.

ನಾಲ್ಕು ವರ್ಷದಿಂದ ಇನೆಜ್ ಹೋಗಿ ನೋಡುತ್ತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಬೆಣ್ಣೆಹಣ್ಣಿನ ಮರದಡಿ ನಿಂತು, ಕತ್ತೆತ್ತಿ, "ನೋಡಿದೆ, ರುಸ್ಕಾ" ಎಂದರೆ ಸಾಕು, ಅದು ಸುಮ್ಮನಾಗುತ್ತಿತ್ತು. ಬಾಚಿ ತೆಗೆದ ರೋಮವನ್ನು ಬೇಲಿಗೆ ಸಿಕ್ಕಿಸಿದರೆ ಅದೇ ಹಕ್ಕಿಗಳು ಗೂಡಿಗೆ ಒಯ್ಯುತ್ತಿದ್ದವು.

ನೆರೆಯವರ ದೂರು ಇತ್ತು. ಅದಕ್ಕೇ, ತಂಗಿ ಎಲ್ಸಿ ಕಣ್ಣಿನ ಪೊರೆ ತೆಗೆಸುತ್ತಾಳೆಂದು ಮೊಂಬಾಸಾಕ್ಕೆ ಹೊರಟಾಗ ಗಂಡ ಪಾಯಸ್ ಅವರಿಂದ ಮಾತು ತೆಗೆದುಕೊಂಡಿದ್ದರು. "ಮೂರು ವಾರ. ಬೊಗಳಿದರೆ ಎದ್ದು ಹೋಗಿ ನೋಡಿ, ಅಷ್ಟೇ."

"ಆಯ್ತು ಮಾರಾಯ್ತಿ. ನಾನೇನು ಅದನ್ನು ತಿನ್ನುತ್ತೇನಾ?"

ಕಳೆದ ವಾರ ಫೋನಿನಲ್ಲಿ, "ಅದಕ್ಕೀಗ ಬುದ್ಧಿ ಬಂದಿದೆ, ಬೊಗಳುವುದೇ ಇಲ್ಲ" ಎಂದಿದ್ದರು ಪಾಯಸ್. ಪಾಪ, ಮಂಡಿನೋವಿನಲ್ಲೂ ಎದ್ದು ಹೋಗಿ ನೋಡುತ್ತಿದ್ದಾರೆ ಎಂದು ಇನೆಜ್ ಎಲ್ಸಿಯ ಮುಂದೆ ಗಂಡನನ್ನು ಹೊಗಳಿದ್ದರು.

ಈಗ ಪಾಯಸ್ ಪೇಪರ್ ಮಡಚಿದರು. "ಸಣ್ಣ ಆಪರೇಷನ್, ಇನೆಜ್. ಗಂಟಲಲ್ಲಿ ಎಂತದೋ ಸ್ವಲ್ಪ ಕತ್ತರಿಸುವುದು. ಅರ್ಧ ಗಂಟೆ."

"ಎಷ್ಟು ಸಲ ಹೋಗಿ ನೋಡಿದಿರಿ?"

"ಎಂತದು?"

"ಹಕ್ಕಿ."

"ನನಗೆ ಮರುಳಾ, ಹಕ್ಕಿ ನೋಡ್ಲಿಕ್ಕೆ? ಬೇರೆಯವರಿಗೆ ಕೊಟ್ಟುಬಿಡಿ ಅಂದರು ಎಲ್ಲರೂ. ನಿನಗೋಸ್ಕರ ಇಟ್ಟುಕೊಂಡೆ. ಮೂರು ದಿನ ಗಂಜಿ ನಾನೇ ಕುಡಿಸಿದ್ದೇನೆ, ಬೇಕಾದರೆ ಮ್ವಾಂಗಿಯನ್ನು ಕೇಳು."

ಅದು ಸುಳ್ಳಲ್ಲವೆಂದು ಇನೆಜ್ ಅವರಿಗೆ ಗೊತ್ತಿತ್ತು. ಆ ಗಂಜಿಯೊಂದು ಇಲ್ಲದಿದ್ದರೆ ಸಿಟ್ಟು ಮಾಡುವುದು ಸುಲಭವಿತ್ತು.

"ನನಗೆ ಹೇಳಬಹುದಿತ್ತು," ಎಂದರು.

"ಹೇಳಿದ್ದರೆ ನೀನು ಬಿಡುತ್ತಿದ್ದೆಯಾ?"

ಇನೆಜ್ ಹೊರಗೆ ಬಂದರು. ಮ್ವಾಂಗಿಯ ಮುಕ್ಕಾಲಿ ಗೇಟಿನ ಬಳಿ ಇರಲಿಲ್ಲ. ಬೆಣ್ಣೆಹಣ್ಣಿನ ಮರದ ಕೆಳಗಿತ್ತು.

"ಈಗ ಕೇಳಿಸುವುದಿಲ್ಲವಲ್ಲ ಮಾಮಾ," ಎಂದ ಅವನು ತನ್ನ ಸ್ವಾಹಿಲಿಯಲ್ಲಿ, "ಇಲ್ಲೇ ಕೂತರೆ ಅದು ಕರೆಯುವುದು ಕಾಣಿಸುತ್ತದೆ." ಮುಕ್ಕಾಲಿಯ ಧೂಳನ್ನು ತೋಳಿನಿಂದ ಒರೆಸಿ ಗೇಟಿಗೆ ಹೋಗಿ ನಿಂತುಕೊಂಡ.

ಇನೆಜ್ ಕುಳಿತರು. ರುಸ್ಕಾ ಕತ್ತೆತ್ತಿತು, ಬಾಯಿ ತೆರೆಯಿತು. ಮೇಲಿನ ಕೊಂಬೆಯಲ್ಲಿ ಉದ್ದ ಬಾಲದ ಎರಡು ಹಕ್ಕಿಗಳು.

"ನೋಡಿದೆ, ರುಸ್ಕಾ."

"ಇನೆಜ್, ಚಾ ತಣಿತದೆ," ಎಂದು ಒಳಗಿನಿಂದ ಪಾಯಸ್ ಕರೆದರು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕರೆದರು.

ಇನೆಜ್ ಅವರಿಗೆ ಎರಡು ಸಲವೂ ಕೇಳಿಸಿತು.