ಮೇಸ್ತ್ರಿ ಮಾಡಿದ್ದು

ಬೋರ್ಡಿನ ಮೇಲೆ ನೀಲಿ ಬಣ್ಣದಲ್ಲಿ ‘ಒವೀ’ ಎಂದು ಬರೆದು ಮುಗಿಸಿ, ಟೈಮ್‌ಟೇಬಲ್ ಸಾಹೇಬರು ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದರು. ದೀರ್ಘದ ಬಾಲ ಸ್ವಲ್ಪ ಉದ್ದವಾಯಿತೇನೋ ಎಂದು ಅವರಿಗೆ ಅನುಮಾನ. ಜೋಕಾಲಿ ಕಂಬದ ಬುಡಕ್ಕೆ ಒದ್ದೆ ಗೋಣಿ ಸುತ್ತುತ್ತಿದ್ದ ಅಕ್ಕ ತಲೆಯೆತ್ತದೆ, ಚೆನ್ನಾಗಿದೆ ಸರ್ ಎಂದಳು. ಆ ಊರಿನಲ್ಲಿ ಕನ್ನಡ ಅಕ್ಷರ ಓದುವವರು ಒಬ್ಬರೂ ಇರಲಿಲ್ಲ. ಫೋಟೋ ನೋಡುವವರಿಗೆ ಗೊತ್ತಾದರೆ ಸಾಕಿತ್ತು.

‘ಒವೀ’ ಎಂದರೆ ಅಲ್ಲಿನ ಭಾಷೆಯಲ್ಲಿ ನಮಸ್ಕಾರ ಎಂದು ತಂಡದವರೆಲ್ಲ ನಂಬಿದ್ದರು. ಬಂದಿಳಿದ ದಿನ ಊರಿನ ಕೆಳಗಿನ ಬಯಲಿಗೆ ಹೋಗಿ ನಿಂತಾಗ, ದಿಬ್ಬದ ಮೇಲೆ ನೆರೆದ ಹೆಂಗಸರು, ಮಕ್ಕಳು ಕೈ ಬೀಸಿ “ಒವೀ, ಒವೀ” ಎಂದಿದ್ದರು. ಇವರು ಹತ್ತು ಮಂದಿಯೂ ಕೈ ಬೀಸಿ ಒವೀ ಎಂದಿದ್ದರು. ಜೀಪಿನ ಡ್ರೈವರ್ ದೂರದ ಪಟ್ಟಣದವನು, ಬೆಟ್ಟದವರ ಮಾತು ಅವನಿಗೂ ಅರ್ಧಂಬರ್ಧ. ಏನೋ ಒಳ್ಳೆಯದೇ ಹೇಳುತ್ತಿದ್ದಾರೆ ಎನ್ನುವ ಹಾಗೆ ಅವನು ತಲೆಯಾಡಿಸಿದ್ದ. ಅಂದೇ ಸಂಜೆ ಹಲ್ಲಿನ ಡಾಕ್ಟರಮ್ಮ ತನ್ನ ಟೋಪಿಯ ಮೇಲೆ ಪೆನ್ನಿನಲ್ಲಿ ಆ ಪದ ಬರೆದುಕೊಂಡಳು.

ಎಲ್ಲಿಂದಲೋ ವಿಮಾನ ಹತ್ತಿ, ಎರಡು ದಿನ ಜೀಪಿನಲ್ಲಿ ಕುಲುಕಾಡಿ, ಮಕ್ಕಳಿಗೆ ಆಟದ ಬಯಲು ಕಟ್ಟಿಕೊಡಲು ಬಂದ ಆ ಹತ್ತು ಜನರಲ್ಲಿ ಒಂಬತ್ತು ಮಂದಿ ಸಲಿಕೆ ಹಿಡಿದವರಲ್ಲ. ಡಾಕ್ಟರಮ್ಮನ ಅಂಗೈಯಲ್ಲಿ ಮೊದಲ ದಿನವೇ ಬೊಬ್ಬೆ ಎದ್ದಿತ್ತು. ಮುಂದಾಳು ಸಾಹೇಬರು ಯಾವುದೋ ದೊಡ್ಡ ಕಚೇರಿಯಿಂದ ನಿವೃತ್ತರಾದವರು. ದಿನದಿನದ ಕೆಲಸದ ಪಟ್ಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದರು. ಅದಕ್ಕೇ ಆ ಹೆಸರು. ಪಟ್ಟಿಯ ಪ್ರಕಾರ ಇವತ್ತು ಬುಧವಾರ, ಬೋರ್ಡಿಗೆ ಬಣ್ಣ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇವರನ್ನು ಕಳಿಸಿದ ಸಂಸ್ಥೆಯ ದೊಡ್ಡವರು ಬರುವುದು, ಫೋಟೋ.

ಹತ್ತನೆಯವಳು ಅಕ್ಕ, ತಂಡದವರೆಲ್ಲ ಹಾಗೆ ಕರೆಯುತ್ತಿದ್ದವಳು. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಹೆಂಗಸು. ಗೋಡೆ ಕೂದಲೆಳೆಯಷ್ಟು ವಾಲಿದರೂ ತೂಗುಗುಂಡು ಬಿಡುವ ಮೊದಲೇ ಅವಳ ಕಣ್ಣಿಗೆ ಗೊತ್ತಾಗುತ್ತಿತ್ತು. ಆದರೂ ಊರಿನಲ್ಲಿ ಮೇಸ್ತ್ರಿ ಅನ್ನಿಸಿಕೊಂಡವನು ಅವಳ ಅಣ್ಣ. ಇವಳು ಅಣ್ಣನ ಕೈಕೆಳಗಿನ ಹೆಣ್ಣಾಳು. “ಗಾರೆ ಕಲಸೋಕೆ ವಿಮಾನ ಹತ್ತಿ ಹೋಗ್ತಾಳಂತೆ” ಎಂದು ಅಣ್ಣ ಕೆಲಸದ ಜಾಗದಲ್ಲೆಲ್ಲ ಹೇಳಿಕೊಂಡು ನಕ್ಕಿದ್ದ. ಅವನ ಮಗಳೇ ಕೂತು ಅತ್ತೆಯ ಅರ್ಜಿ ತುಂಬಿ, ಉದ್ಯೋಗದ ಮುಂದೆ ಮೇಸ್ತ್ರಿ ಎಂದು ಬರೆದಿದ್ದಳು. ಸಂಸ್ಥೆಯಿಂದ ಬಂದ ಪಟ್ಟಿಯಲ್ಲಿ ಮಾತ್ರ ‘ಸಹಾಯಕಿ’ ಎಂದಾಗಿತ್ತು. ಈ ಕೆಲಸ ಹೇಳಿದ ದಿನಕ್ಕೆ ಮುಗಿದರೆ, ಮುಂದಿನ ಮೂರು ಊರುಗಳಿಗೆ ಇವಳನ್ನೇ ಮೇಸ್ತ್ರಿಯಾಗಿ ತೆಗೆದುಕೊಳ್ಳಿ ಎಂದು ಕಾಗದ ಬರೆಯುವುದಾಗಿ ಸಾಹೇಬರು ಮಾತು ಕೊಟ್ಟಿದ್ದರು. ಆ ಮಾತನ್ನು ಅಕ್ಕ ದಿನಕ್ಕೆ ಎರಡು ಸಲವಾದರೂ ಮನಸ್ಸಿನಲ್ಲೇ ತೆಗೆದು ನೋಡಿಕೊಳ್ಳುತ್ತಿದ್ದಳು.

ಆ ಬಯಲನ್ನು ತೋರಿಸಿದ್ದೂ ಅವಳೇ. ಮೊದಲ ದಿನ ಎಲ್ಲರೂ ಎಲ್ಲಿ ಕಟ್ಟುವುದು ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದಾಗ, ಬಗ್ಗಿ ಒಂದು ಹಿಡಿ ಮರಳೆತ್ತಿ ಬೆರಳ ಸಂದಿಯಲ್ಲಿ ಸುರಿದು ನೋಡಿದ್ದಳು. ಮಣ್ಣಿನ ಸುಳಿವಿಲ್ಲದ, ತೊಳೆದಿಟ್ಟಂಥ ಮರಳು. ಪಕ್ಕದಲ್ಲೇ ಮುಷ್ಟಿಗಾತ್ರದ ನುಣುಪು ಕಲ್ಲು. ಕಾಂಕ್ರೀಟಿಗೆ ಬೇಕಾದ್ದೆಲ್ಲ ಕಾಲ ಬುಡದಲ್ಲೇ ಇದೆ, ಇಲ್ಲೇ ಕಟ್ಟೋಣ ಎಂದಿದ್ದಳು. ಇಂಥ ಮರಳಿಗಾಗಿ ಅಣ್ಣ ಎಷ್ಟು ಕಡೆ ಕೈ ಮುಗಿಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಕಂಬದ ಬುಡಕ್ಕೆ ನೀರು ತಂದು ಕೊಡುತ್ತಿದ್ದವಳು ಆ ಊರಿನ ಒಬ್ಬ ಮುದುಕಿ. ಯಾರೂ ಕರೆಯದೆ ಎರಡನೆಯ ದಿನವೇ ಬಂದು ಸೇರಿಕೊಂಡಿದ್ದಳು. ಬಿಂದಿಗೆಯನ್ನು ದೊಪ್ಪೆಂದು ಇಳಿಸಿ, ಮುಖ ಗಂಟು ಹಾಕಿ, ಒವೀ ಎಂದು ಗೊಣಗಿ ಹೋಗುವುದು ಅವಳ ಕ್ರಮ. ತಂಡದವರು ಅವಳಿಗೆ ಗೊಣಗಜ್ಜಿ ಎಂದು ಹೆಸರಿಟ್ಟಿದ್ದರು. ಇಷ್ಟು ಕೆಟ್ಟ ಮುಖ ಮಾಡಿಕೊಂಡು ಯಾರಾದರೂ ನಮಸ್ಕಾರ ಹೇಳುತ್ತಾರೆಯೇ ಎಂದು ಅಕ್ಕನಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು. ಬುಧವಾರವೂ ನಗುತ್ತಲೇ, ಒವೀ ಅಜ್ಜಿ ಎಂದಳು.

ಅಜ್ಜಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಬಿಂದಿಗೆಯನ್ನು ಅಲ್ಲೇ ಉರುಳಿಸಿ, ಅಕ್ಕನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೊರಟಳು. ಆ ಕೈಯ ಹಿಡಿತ ಇಕ್ಕಳದಂತಿತ್ತು. ದಿಬ್ಬ ಹತ್ತಿ, ಗುಡಿಸಲುಗಳನ್ನು ದಾಟಿ, ಇಳಿಜಾರಿನ ಮೇಲಿನ ಒಂದು ಸಮತಟ್ಟು ಜಾಗಕ್ಕೆ ಕರೆದೊಯ್ದು ನಿಲ್ಲಿಸಿ, ಕಾಲಿನಿಂದ ನೆಲವನ್ನು ಎರಡು ಸಲ ಬಡಿದಳು. ಆಮೇಲೆ ಕೆಳಗಿನ ಬಯಲಿನತ್ತ ಬೆರಳು ತೋರಿಸಿ, ಆ ಬೆರಳನ್ನು ಅಲ್ಲಿಂದ ಇಲ್ಲಿಗೆ ತಂದು, ಒವೀ ಎಂದಳು. ಮಂದಬುದ್ಧಿಯ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಇನ್ನೊಂದು ಸಲ ತೋರಿಸಿದಳು. ಅಲ್ಲಲ್ಲ, ಆಚೆ. ಇನ್ನೂ ಆಚೆ.

ಅಕ್ಕ ಕೆಳಗೆ ನೋಡಿದಳು. ಕೆಳಗೆ ನಿಂತಾಗ ಬಯಲಿನ ಹಾಗೆ ಕಂಡದ್ದು ಮೇಲಿನಿಂದ ಒಂದು ಬಿಳಿಯ ಪಟ್ಟಿ. ಎರಡು ಬೆಟ್ಟಗಳ ನಡುವಿನ ಸಂದಿಯಿಂದ ಇಳಿದು ಬಂದು, ಜೋಕಾಲಿಯ ನಾಲ್ಕು ಕಾಲುಗಳ ನಡುವೆಯೇ ಹಾದು, ಮುಂದೆ ಎಲ್ಲಿಗೋ ಹೋಗಿತ್ತು. ಬಯಲಿನ ಅಂಚಿನ ಪೊದೆಗಳ ಕವಲಿನಲ್ಲಿ ಸೊಂಟದೆತ್ತರಕ್ಕೆ ಒಣಹುಲ್ಲು, ಕಸಕಡ್ಡಿ ಸಿಕ್ಕಿಕೊಂಡಿದ್ದವು. ಹನ್ನೆರಡು ದಿನಗಳಿಂದ ಅಂಥದೇ ಒಂದು ಪೊದೆಗೆ ಅವಳು ಊಟದ ಚೀಲ ನೇತುಹಾಕಿದ್ದಳು. ಮರಳು ಸಿಕ್ಕಿತೆಂದು ಹಿಗ್ಗಿದವಳು, ಅದನ್ನು ಅಷ್ಟು ಚೆನ್ನಾಗಿ ತೊಳೆದವರು ಯಾರು ಎಂದು ಕೇಳಿಕೊಂಡಿರಲಿಲ್ಲ.

ಅಜ್ಜಿ ಅಂಗೈಯನ್ನು ಒಂದು ಮಗುವಿನ ಎತ್ತರಕ್ಕೆ ಹಿಡಿದಳು. ಆ ಕೈಯನ್ನು ಹಾಗೇ ಬಿಳಿ ಪಟ್ಟಿಯ ಉದ್ದಕ್ಕೂ ಕೆಳಗೆ, ದೂರಕ್ಕೆ ಬೀಸಿದಳು. ಕೈ ಇಳಿಸಿದ ಮೇಲೂ ಬಹಳ ಹೊತ್ತು ಆ ಕಡೆಗೇ ನೋಡುತ್ತಿದ್ದಳು. ಅಕ್ಕನಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಬಯಲು ಮಳೆಗಾಲದ ಹೊಳೆಯ ದಾರಿ, ಜೋಕಾಲಿಯನ್ನು ಮೇಲಕ್ಕೆ ಸಾಗಿಸಬೇಕು ಎಂದು ಅಕ್ಕ ಹೇಳಿದ್ದನ್ನೆಲ್ಲ ಸಾಹೇಬರು ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನೂ ಅಲ್ಲ. ಮಳೆಗಾಲಕ್ಕೆ ಇನ್ನೂ ನಾಲ್ಕು ತಿಂಗಳಿದೆ, ಶನಿವಾರ ನಾವು ಹೊರಡಲೇಬೇಕು, ಮುಂದೆ ಬರುವ ತಂಡಕ್ಕೆ ಒಂದು ಟಿಪ್ಪಣಿ ಬರೆದಿಡೋಣ ಎಂದರು. ಅಕ್ಕ ಜಗ್ಗಲಿಲ್ಲ. ಟಿಪ್ಪಣಿ ಓದಿಕೊಂಡು ನೀರು ನಿಲ್ಲುತ್ತದೆಯೇ ಎಂದು ಕೇಳಿದಳು. ಕೊನೆಗೆ ಸಾಹೇಬರಿಗೂ ರೇಗಿತು.

“ಜಾಗ ತೋರಿಸಿದ್ದು ನೀವೇ ಅಲ್ವೇನಮ್ಮಾ?”

“ಹೌದು ಸರ್, ನಾನೇ. ತಪ್ಪು ತೋರಿಸ್ದೆ.”

“ನಾಳೆ ಜೀಪು ಬರುತ್ತೆ. ಕಂಬ ಮುಟ್ಟಿದ್ರೆ ಅದರಲ್ಲೇ ನಿಮ್ಮನ್ನ ವಾಪಸ್ ಕಳಿಸ್ಬೇಕಾಗುತ್ತೆ. ಆಮೇಲೆ ನಾನು ಕಾಗದ ಬರೆಯೋ ಹಾಗಿಲ್ಲ, ರಿಪೋರ್ಟ್ ಬರೀಬೇಕು.”

ಮೂರು ಊರುಗಳು ಒಂದೊಂದಾಗಿ ಕೈಬಿಟ್ಟು ಹೋಗುವುದು ಅಕ್ಕನಿಗೆ ಕಂಡಿತು. ಅಣ್ಣನ ನಗೆಯೂ ಕೇಳಿಸಿತು. ಅದರ ಬೆನ್ನಿಗೇ ಸಿಟ್ಟು ಬಂತು.

“ಬರೀರಿ ಸರ್. ಆದ್ರೆ ಬರೀವಾಗ ಸಹಾಯಕಿ ಅಂತ ಬರೀಬೇಡಿ. ಸಹಾಯಕಿ ತಪ್ಪಿಗೆ ಯಾರೂ ಹೊಣೆ ಕೇಳಲ್ಲ. ಮೇಸ್ತ್ರಿ ಮಾಡಿದ್ದು ಅಂತ ಬರೀರಿ.”

ಗುರುವಾರ ಬೆಳಗಾಗುತ್ತಲೇ ಅವಳು ಬಯಲಿಗೆ ಇಳಿದಳು. ಸ್ಪ್ಯಾನರ್ ಹಿಡಿದು ಸರಪಳಿಗಳನ್ನು ಬಿಚ್ಚಿ, ಕೂರುವ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. ಆಮೇಲೆ ದೊಡ್ಡ ಸುತ್ತಿಗೆ ಎತ್ತಿ ಮೊದಲ ಕಂಬದ ಬುಡಕ್ಕೆ ಬಾರಿಸಿದಳು. ಕಾಂಕ್ರೀಟು ಖಣ್ ಎಂದಿತು. ಇಪ್ಪತ್ತು ಏಟು ಬಿದ್ದರೂ ಅಂಚಿನಿಂದ ಕಡಲೆಕಾಳಿನಷ್ಟು ಚೂರು ಹಾರಿದ್ದೇ ಬಂತು. ಬಾಣಂತಿಯನ್ನು ನೋಡಿಕೊಂಡ ಹಾಗೆ ಹೊತ್ತುಹೊತ್ತಿಗೆ ನೀರುಣಿಸಿ, ಗೋಣಿ ಹೊದಿಸಿ ಸಾಕಿದ ಕಾಂಕ್ರೀಟು ಅದು. ಸ್ವಲ್ಪ ಕೆಟ್ಟದಾಗಿ ಕೆಲಸ ಮಾಡಬಾರದಿತ್ತೇ ಎಂದು ಅವಳು ತನ್ನನ್ನೇ ಬೈದುಕೊಂಡಳು. ಡಾಕ್ಟರಮ್ಮ ಬಂದು ಸಾಹೇಬರ ಕಡೆ ಒಮ್ಮೆ, ಇವಳ ಕಡೆ ಒಮ್ಮೆ ನೋಡಿ, ಇನ್ನೊಂದು ಸುತ್ತಿಗೆ ಎತ್ತಿಕೊಂಡಳು. ಅವಳ ಏಟು ಹೆಚ್ಚಾಗಿ ಮರಳಿಗೇ ಬೀಳುತ್ತಿತ್ತು.

ಜೀಪು ಬಂದು ಹಾರ್ನ್ ಹೊಡೆಯಿತು. ಅಕ್ಕ ತಿರುಗಿ ನೋಡಲಿಲ್ಲ. ಎರಡನೆಯ ಸಲ ಹೊಡೆದಾಗ, ಬೇಕಾದರೆ ಹೊತ್ತುಕೊಂಡು ಹೋಗಲಿ ಎಂದಳು. ಸಾಹೇಬರು ಡ್ರೈವರನ್ನು ಕರೆದು, ಒವೀ ಎಂದರೆ ಏನು, ಸರಿಯಾಗಿ ಕೇಳಿ ಹೇಳು ಎಂದು ಗದರಿದರು. ಅವನು ದಿಬ್ಬದ ಮೇಲೆ ನಿಂತಿದ್ದ ಅಜ್ಜಿಯ ಹತ್ತಿರ ಹೋಗಿ ಮಾತಾಡಿ ಬಂದ. ಬೋರ್ಡನ್ನು ಒಮ್ಮೆ ನೋಡಿ, ಕೈಯೆತ್ತಿ ಮೇಲಿನ ಸಮತಟ್ಟು ಜಾಗವನ್ನು ತೋರಿಸಿದ.

ಅಷ್ಟರಲ್ಲಿ ಅಜ್ಜಿ ಇಳಿದು ಬಂದಳು. ಅವಳ ಹಿಂದೆ ಏಳೆಂಟು ಹೆಂಗಸರು, ಕೈಯಲ್ಲಿ ಗುದ್ದಲಿ. ಸುತ್ತಿಗೆಯ ಏಟಿನಿಂದ ಕೈ ಮರಗಟ್ಟಿ ನಿಂತಿದ್ದ ಅಕ್ಕನನ್ನು ಅಜ್ಜಿ ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು. ಅವರಾರೂ ಕಾಂಕ್ರೀಟಿನ ಗೊಡವೆಗೇ ಹೋಗಲಿಲ್ಲ, ಸುತ್ತಲಿನ ಮರಳನ್ನು ಕೆರೆಯತೊಡಗಿದರು. ಮರಳು ಹಿಟ್ಟಿನ ಹಾಗೆ ಬಂತು. ಒಂದು ಗಂಟೆಯೊಳಗೆ ಕಂಬ ಒಂದು ಕಡೆಗೆ ವಾಲಿತು. ಬುಡದ ಕಾಂಕ್ರೀಟು ಗೆರೆಯಷ್ಟೂ ಒಡೆಯದೆ, ಕಿತ್ತ ಹಲ್ಲಿನ ಹಾಗೆ ಇಡಿಯಾಗಿ ಮೇಲೆ ಬಂತು.

ಏಳೆಂಟು ಹೆಂಗಸರು ಗುದ್ದಲಿ ಹಿಡಿದು ಒಂದು ಗಂಟೆಯಲ್ಲಿ ಮಾಡಿದ್ದನ್ನು ನೀರು ಎಷ್ಟು ಹೊತ್ತಿನಲ್ಲಿ ಮಾಡುತ್ತಿತ್ತು ಎಂದು ಅಲ್ಲಿದ್ದವರಿಗೆಲ್ಲ ಹೊಳೆದಿತ್ತು. ಸಾಹೇಬರು ಗುಂಡಿಯೊಳಗೆ ಇಣುಕಿದರು. ಕೊರಳಿನ ಪಟ್ಟಿ ಗುಂಡಿಯ ಮೇಲೆ ತೂಗಾಡಿತು. ಅದನ್ನು ಅಂಗಿಯ ಒಳಗೆ ಸೇರಿಸಿಕೊಂಡು, ಡ್ರೈವರಿಗೆ ನೀನು ಹೋಗು ಎಂದು ಕೈ ಮಾಡಿದರು. ಜೀಪು ಖಾಲಿಯಾಗಿ ಹೋಯಿತು.

ಶುಕ್ರವಾರ ಹತ್ತಕ್ಕೆ ಸರಿಯಾಗಿ ದೊಡ್ಡವರು ಬಂದರು. ಬಯಲಿನಲ್ಲಿ ನಾಲ್ಕು ಗುಂಡಿಗಳಿದ್ದವು, ಬೋರ್ಡು ಮಾತ್ರ ನಿಂತಿತ್ತು. ರಾತ್ರಿ ಯಾರೋ ಅದೇ ನೀಲಿ ಬಣ್ಣದಲ್ಲಿ ಒವೀಯ ಕೆಳಗೆ ಮೇಲ್ಮುಖವಾಗಿ ಒಂದು ಬಾಣ ಬರೆದಿದ್ದರು. ಅದರ ಗೆರೆ ಬಹಳ ನೀಟಾಗಿತ್ತು. ಅವರಲ್ಲಿ ಬಿಳಿ ಬೂಟಿನ ಹೆಂಗಸೊಬ್ಬಳು ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದು, ಅರ್ಧ ಅಗೆದ ನೆಲವನ್ನೂ ಉರುಳಿಸಿ ತಂದ ಕಂಬಗಳನ್ನೂ ನೋಡಿ, ಇದೇನು ಅವಾಂತರ, ಯಾರು ಮಾಡಿದ್ದು ಎಂದು ಕೇಳಿದಳು.

“ಮೇಸ್ತ್ರಿ ಮಾಡಿದ್ದು” ಎಂದರು ಸಾಹೇಬರು, ಒಣ ದನಿಯಲ್ಲಿ. “ರಿಪೋರ್ಟಲ್ಲೂ ಹಾಗೇ ಬರ್ದಿದೀನಿ. ಅವರನ್ನೇ ಕೇಳಿ.”

ಮೇಸ್ತ್ರಿಗೆ ಪುರುಸೊತ್ತಿರಲಿಲ್ಲ. ಮೊದಲ ಕಂಬಕ್ಕೆ ತೂಗುಗುಂಡು ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಕೇಳಿದ್ದಕ್ಕೆ, ನಮಸ್ಕಾರಮ್ಮಾ, ಸ್ವಲ್ಪ ಆ ಕಡೆ ನಿಲ್ಲಿ, ನೆರಳು ಬೀಳ್ತಿದೆ ಎಂದಳು. ಆಮೇಲೆ ದೊಡ್ಡ ಹೆಜ್ಜೆಯಲ್ಲಿ ಅಳೆದು, ಎರಡನೆಯ ಕಂಬದ ಜಾಗದಲ್ಲಿ ಗೂಟ ನೆಟ್ಟು, ನೀರು ಹೊತ್ತು ಬರುತ್ತಿದ್ದ ಅಜ್ಜಿಯ ಕಡೆ ತಿರುಗಿ ಹುಬ್ಬೇರಿಸಿದಳು.

ಅಜ್ಜಿ ಗೂಟವನ್ನು ನೋಡಿದಳು. ಕೆಳಗಿನ ಬಿಳಿ ಪಟ್ಟಿಯನ್ನು ನೋಡಿದಳು. ಮುಖ ಗಂಟು ಹಾಕಿ, ಒವೀ ಎಂದಳು.

ಮೇಸ್ತ್ರಿ ಗೂಟ ಕಿತ್ತು, ಒಂದು ಹೆಜ್ಜೆ ಆಚೆ ನೆಟ್ಟಳು. ಅಜ್ಜಿ ಈ ಸಲ ಒವೀ ಎನ್ನಲಿಲ್ಲ. ಬಿಂದಿಗೆಯನ್ನು ಸದ್ದಾಗದ ಹಾಗೆ ಅದರ ಪಕ್ಕದಲ್ಲಿ ಇಳಿಸಿದಳು.