ಪಾದರಸ ಕಂಡು ನಾನು ನೀಲಿಯಾದೆ

ನಾನು ಬಂಗಾರ. ಹಾಗೆಂದು ಕೊರಳು ಮುಂದೆ ಮಾಡಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣಗಳು, ಒಂದೊಂದಕ್ಕೂ ಡಿಎನ್‌ಎ ಎಳೆಗಳ ಹೊದಿಕೆ; ನೀರಿನಲ್ಲಿ ತೇಲಿಸಿ ಬೆರಳುದ್ದದ ಸೀಸೆಗೆ ತುಂಬಿದರೆ ಅದೇ ನಾನು. ಹುಟ್ಟು ಬಣ್ಣ ದಾಳಿಂಬೆ ರಸದ ಕೆಂಪು. ನೀರಿನಲ್ಲಿ ಪಾದರಸವಿದ್ದರೆ ನನ್ನ ಎಳೆಗಳು ಅದನ್ನು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಾನು ನೀಲಿಯಾಗುತ್ತೇನೆ. ನನ್ನ ವಿದ್ಯೆ ಇಷ್ಟೇ. ನಿಮ್ಮ ಕೊರಳಿನ ಸರಕ್ಕೆ ಇಷ್ಟೂ ಬರುವುದಿಲ್ಲ.

ನನ್ನನ್ನು ಮಾಡಿದವರು ಧಾರವಾಡದ ಒಂದು ಪ್ರಯೋಗಾಲಯದ ಸುಚರಿತಾ ಮೇಡಂ. ನೀರು ಪೂರೈಕೆಯ ಇಂಜಿನಿಯರುಗಳನ್ನು ಕೂರಿಸಿಕೊಂಡು ಅವರು ಬಿಡಿಸಿ ಹೇಳಿದರು: “ಕೆಂಪು ಉಳಿದ್ರ ಕುಡೀಬಹುದು. ನೀಲಿ ಆದ್ರ ಆ ನೀರು ಮುಟ್ಟಬ್ಯಾಡ್ರಿ.” ಆ ಹೊತ್ತಿಗೆ ಕೊನೆಯ ಸಾಲಿನಲ್ಲಿದ್ದ ಜೂನಿಯರ್ ಇಂಜಿನಿಯರ್ ಶಿವಶರಣಪ್ಪನಿಗೆ ಊಟಕ್ಕೆ ಹೋಳಿಗೆ ಇದೆಯೋ ಇಲ್ಲವೋ ಎಂಬ ಚಿಂತೆ. ನನ್ನನ್ನೂ ನನ್ನ ತಂಗಿ ಸೀಸೆಯನ್ನೂ ಅಂಗಿಯ ಜೇಬಿಗೆ, ಅಡಿಕೆ ಚೂರುಗಳ ಜೊತೆ ಇಳಿಬಿಟ್ಟ. ಇಂಥವನ ಜೇಬು ನನ್ನ ಹಣೆಯಲ್ಲಿ ಬರೆದಿತ್ತು.

ಅವನು ನಮ್ಮನ್ನು ಒಯ್ದದ್ದು ಯಾದಗಿರಿ ಕಡೆಯ ಒಂದು ಊರಿಗೆ. ಪಕ್ಕದಲ್ಲಿ ಮುಚ್ಚಿಹೋದ ಥರ್ಮಾಮೀಟರ್ ಕಾರ್ಖಾನೆ. ಊರಿಗೆ ಎರಡೇ ಬೋರಿಂಗ್ ಕೈಪಂಪು: ಒಂದು ಶಾಲೆಯ ಹತ್ತಿರ, ಇನ್ನೊಂದು ಪಂಚಾಯಿತಿ ಎದುರು. ಪರೀಕ್ಷೆ ಮಾಡಿಸಿ ಎಂದು ಬೆನ್ನು ಬಿದ್ದವಳು ಆ ಊರಿನ ಹುಲಿಗೆಮ್ಮ.

“ಪಂಚಾಯ್ತಿ ಬೋರಿಂಗ್ ನೀರು ಕುಡಿಸ್ತೀನ್ರೀ ಸಾಹೇಬ್ರ. ನನ್ನ ಮಗಳ ಕೈ ನಡಗ್ಲಿಕ್ಕತ್ಯಾವ,” ಎಂದಳು.

ಶಾಲೆಯ ನೀರಿಗೆ ತಂಗಿ ಕೆಂಪಾಗಿಯೇ ಉಳಿದಳು. ಪಂಚಾಯಿತಿ ನೀರು ಬಿದ್ದದ್ದೇ ತಡ, ನಾನು ಕಡು ನೀಲಿಯಾದೆ. ನನಗಿರುವ ನಾಲಿಗೆಯೇ ಅದು, ಕೂಗಬೇಕಾದಷ್ಟು ಕೂಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆ ಸೀಮೆಯಲ್ಲಿ ಕೆಟ್ಟ ನೀರಿನ ಬೋರಿಂಗಿಗೆ ಕೆಂಪು ಬಣ್ಣ, ಒಳ್ಳೆಯದಕ್ಕೆ ನೀಲಿ ಬಳಿಯುವ ಪದ್ಧತಿ. ಮೇಡಂ ಹೇಳಿದ್ದು ಮರೆತ ಮಹಾಶಯನಿಗೆ ಇದು ಮಾತ್ರ ಚೆನ್ನಾಗಿ ನೆನಪಿತ್ತು.

“ಕೆಂಪಂದ್ರ ಡೇಂಜರ್. ಸಣ್ಣ ಹುಡುಗ್ರಿಗೂ ಗೊತ್ತದ,” ಎಂದವನೇ ಶಾಲೆಯ ಬೋರಿಂಗಿಗೆ ಕೆಂಪು, ಪಂಚಾಯಿತಿಯದಕ್ಕೆ ನೀಲಿ ಬಳಿಸಿದ.

“ಇನ್ನೊಂದ್ ಸಲ ನೋಡ್ರಿ ಸಾಹೇಬ್ರ,” ಎಂದಳು ಹುಲಿಗೆಮ್ಮ.

“ಬಂಗಾರದಾಗ ಮಾಡಿದ್ದದ ಯವ್ವಾ ಇದು. ಸುಳ್ಳು ಹೇಳಂಗಿಲ್ಲ.”

ಅವಳು ನನಗೆ ಕೈ ಮುಗಿದಳು. ಶಿವಶರಣಪ್ಪನ ಮೇಲೆ ನನಗಿದ್ದದ್ದು ಬರೀ ತಾತ್ಸಾರ. ಆ ಕೈಗಳನ್ನು ಕಂಡಾಗ ಮಾತ್ರ ಇನ್ನೂ ನೀಲಿಯಾಗಲು ಹೆಣಗಿದೆ.

ಈಗ ನಾನು ಪಂಚಾಯಿತಿ ಕಿಟಕಿಯಲ್ಲಿ, ಒಣಗಿದ ಅಂಟಿನ ಡಬ್ಬಿಯ ಪಕ್ಕ ಕುಳಿತಿದ್ದೇನೆ. ಕಣಗಳೆಲ್ಲ ತಳಕ್ಕಿಳಿದಿವೆ, ನನಗೆ ಮುಪ್ಪು ಬಂದಿದೆ. ಬಂದ ಸಾಹೇಬರಿಗೆಲ್ಲ ನನ್ನನ್ನು ಎತ್ತಿ ತೋರಿಸುತ್ತಾರೆ. ಅವರೂ ತಲೆಯಾಡಿಸುತ್ತಾರೆ. ನಿಜವನ್ನು ಕೈಗಿಟ್ಟರೂ ತಲೆಕೆಳಗಾಗಿ ಓದುವ ಜಾತಿ ಈ ಮನುಷ್ಯರದು.

ಎದುರಿಗೇ ನೀಲಿ ಬೋರಿಂಗ್. ಮಗುವಿಗೆ ಈಗ ಲೋಟ ಹಿಡಿಯಲಾಗದು, ಹುಲಿಗೆಮ್ಮನೇ ತುಟಿಗೆ ಹಿಡಿಯುತ್ತಾಳೆ. ಮೊದಲೆಲ್ಲ ಸಂಶಯದಿಂದ ಅರ್ಧ ಲೋಟ ಕುಡಿಸುತ್ತಿದ್ದಳಂತೆ. ನನ್ನ ಪರೀಕ್ಷೆ ಆದ ಮೇಲೆ ತುಂಬು ಲೋಟ ಕುಡಿಸುತ್ತಾಳೆ.