ಮುಳ್ಳು ಹಾರದ ಹಾಗೆ

ನಟ್ಟು ಉರುಳುತ್ತಿದೆ, ಸೋಫಾದ ಕಡೆಗೇ, ಮತ್ತೆಲ್ಲಿಗೆ ಹೋದೀತು, ಈ ನೆಲದ ಮೇಲೆ ಏನು ಬಿದ್ದರೂ ಸೋಫಾದ ಅಡಿಗೇ ಹೋಗಿ ಸೇರುತ್ತದೆ, ಅಂದರೆ ನೆಲವೇ ಆ ಕಡೆ ವಾಲಿದೆ, ಅಂದರೆ ಬೆಳಗಿನಿಂದ ಹಲಗೆಯ ಮೇಲೆ ರಸಮಟ್ಟ ಇಟ್ಟು ಅದರೊಳಗಿನ ಗುಳ್ಳೆಯನ್ನು ನಡುವಿಗೆ ತರಲು ನಾನು ಪಟ್ಟ ಪಾಡೆಲ್ಲ ಈ ಮನೆ ಕಟ್ಟಿದವನ ಪುಣ್ಯ — ಯಾರಿಗೆ ಹೇಳಲಿ. ಮೊಣಕಾಲೂರಿ ಕೈ ತೂರಿಸಿದರೆ ಧೂಳು, ಪೆನ್ಸಿಲ್ ಚೂರು, ಮಗಳು ಪುಟ್ಟಿಯ ಒಂಟಿ ಕಾಲುಚೀಲ, ನಟ್ಟು ಮಾತ್ರ ಇಲ್ಲ. ಒಂದಾದರೂ ಹೆಚ್ಚಿಗೆ ತರಬೇಕಿತ್ತು, ತರಲಿಲ್ಲ, ಆ ಹಾರ್ಡ್‌ವೇರ್ ಅಂಗಡಿಯಿಂದ ಹೊರಗೆ ಬಂದರೆ ಸಾಕಾಗಿತ್ತು. ಉದ್ದಕ್ಕೂ ಥ್ರೆಡ್ ಇರೋ ಕಬ್ಬಿಣದ ಸರಳು ಕೊಡಿ ಅಂದೆ. ಯಾವುದಕ್ಕೆ ಮೇಡಂ. ರ‍್ಯಾಕಿಗೆ. ರ‍್ಯಾಕು ರೆಡಿಮೇಡ್ ಸಿಗತ್ತಲ್ಲ. ನಾನೇ ಮಾಡ್ತೀನಿ. ನೀವಾ, ಯಜಮಾನ್ರನ್ನ ಕಳಿಸಿ ಮೇಡಂ, ಅವ್ರಿಗೆ ಬಿಡಿಸಿ ಹೇಳ್ತೀನಿ. ಯಜಮಾನರಿಗೆ ಗೊತ್ತೇ ಇಲ್ಲ ಮಹರಾಯ, ಅವರು ಬಸ್ ಡಿಪೋದ ಡ್ಯೂಟಿಗೆ ಹೋಗುವ ಭಾನುವಾರ ಕಾದು ಕೂತು ಬಂದಿದ್ದೇನೆ, ಅವರು ಬರುವುದರೊಳಗೆ ಇದು ಎದ್ದು ನಿಲ್ಲಬೇಕು. ರೆಡಿಮೇಡನ್ನೂ ನೋಡಿ ಬಂದಿದ್ದೆ, ಆಡಿಯೋ ಅಂಗಡಿಯಲ್ಲಿ, ಕಪ್ಪು ಗಾಜಿನದು, ಅದರ ಬೆಲೆಗೆ ಈ ಬೀದಿಯ ಕಿಟಕಿಗಳಿಗೆಲ್ಲ ಪರದೆ ಹೊಲಿದು ಹಾಕಬಹುದು.

ಪರದೆಯಾದರೆ ಎಷ್ಟು ಸುಖ. ಗಿಡ್ಡವಾಯಿತೇ, ಅಂಚು ಬಿಚ್ಚಿ ಇಳಿಸು. ಹೆಚ್ಚಾಯಿತೇ, ನೆರಿಗೆಯಲ್ಲಿ ಮುಚ್ಚಿಹಾಕು. ಬಟ್ಟೆ ನಮ್ಮ ಮಾತು ಕೇಳುತ್ತದೆ, ಎಳೆದರೆ ಬರುತ್ತದೆ, ಇಸ್ತ್ರಿ ಒತ್ತಿದರೆ ತಪ್ಪನ್ನೂ ನುಂಗಿಕೊಳ್ಳುತ್ತದೆ, ಈ ಹಲಗೆ ಅನ್ನುವುದಕ್ಕೆ ದಾಕ್ಷಿಣ್ಯವೇ ಇಲ್ಲ. ಮೂರನ್ನೂ ಒಂದರ ಮೇಲೊಂದು ಇಟ್ಟು ಮೂಲೆಗೊಂದರಂತೆ ತೂತು ಕೊರೆದೆ, ನಡುವಿನದು ಎಲ್ಲೋ ಕೂದಲೆಳೆಯಷ್ಟು ಜಾರಿರಬೇಕು, ಈಗ ಆ ಮೂಲೆಯ ಸರಳು ಕುಡಿದವನ ಹಾಗೆ ವಾಲಿದೆ. ತೂತಿಗೆ ಅಂಚು ಬಿಚ್ಚುವುದು ಹೇಗೆ. ಫೋನಿನಲ್ಲಿ ವಿಡಿಯೋ ಮಾಡಿ ಹಾಕಿದ್ದ ಆ ಗಡ್ಡದವನು ನಗುನಗುತ್ತ ಸರಳು ನಿಲ್ಲಿಸಿದ, ನಗುನಗುತ್ತ ಹಲಗೆ ಇಳಿಸಿದ, ನಗುನಗುತ್ತ ನಟ್ಟು ಬಿಗಿದ, ಅಷ್ಟೇನೇ ಅಂದ — ಅಷ್ಟೇನೇ! ನಡುವಿನ ಹಲಗೆಯನ್ನು ಹೊರಬೇಕಾದ ನಟ್ಟುಗಳನ್ನು ಮೊದಲೇ ಸರಳಿಗೆ ಹಾಕಿಕೊಳ್ಳಿ ಅಂತ ಅವನು ಬಾಯಿಬಿಟ್ಟು ಹೇಳಬಾರದಿತ್ತೇ. ಹಾಕದೆ ಇಳಿಸಿದೆ, ಹಲಗೆ ಸರ್ರನೆ ಜಾರಿ ಕೆಳಗಿನದರ ಮೇಲೆ ದಬ್ಬೆಂದು ಕೂತಿತು, ನನ್ನ ಹೆಬ್ಬೆರಳು ನಡುವೆ. ಅಯ್ಯೋ ಅಂತ ಕಿರುಚಲಿಲ್ಲ, ತುಟಿ ಕಚ್ಚಿಕೊಂಡೆ. ಮನೆಯಲ್ಲಿ ಅವರೂ ಇಲ್ಲ, ಹಾಡೂ ಇಲ್ಲ, ಯಾರಿಗಾಗಿ ತುಟಿ ಕಚ್ಚಿಕೊಂಡೆನೋ.

ಅವರು ಬೈಯುವುದಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಕೊಟ್ಟು ಹಗುರಾಗುತ್ತಿದ್ದೆ. ಹಗಲೆಲ್ಲ ಬಸ್ಸುಗಳ ಹಾರ್ನು, ಡ್ರೈವರುಗಳ ಜಗಳ, ಯಾವ ಬಸ್ಸು ಹೊರಟಿತು ಯಾವುದು ಹೊರಡಲಿಲ್ಲ ಎಂದು ಡಿಪೋದ ಕಿಟಕಿಯಲ್ಲಿ ಕೂತು ಕೂಗಿ ಕೂಗಿ ಗಂಟಲು ಹರಿದುಕೊಂಡು ಬರುವ ಮನುಷ್ಯ, ಸಂಜೆ ಒಂದು ರೆಕಾರ್ಡ್ ಹಾಕಿ ಕಣ್ಣು ಮುಚ್ಚಿದರೆ ಮುಖದ ಗಂಟುಗಳೆಲ್ಲ ಸಡಿಲವಾಗುತ್ತವೆ, ನೋಡಿದವಳು ನಾನು, ಹೇಗೆ ಬೇಡ ಅನ್ನಲಿ. ಆದರೆ ಇದು ಮಹಡಿಯ ಮನೆ, ಹಲಗೆಯ ನೆಲ, ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ ಕೂತಿರುವುದು ಸಣಕಲು ಕಾಲಿನ ಮೇಜಿನ ಮೇಲೆ, ನಾನು ಅಡುಗೆಮನೆಯಿಂದ ಒಂದು ಹೆಜ್ಜೆ ಇಟ್ಟರೂ ನೆಲ ನಡುಗಿ, ಮೇಜು ನಡುಗಿ, ರೆಕಾರ್ಡಿನ ಮೇಲಿನ ಮುಳ್ಳು ಹಾರಿ, ಹಾಡು ಕತ್ತು ಹಿಸುಕಿದಂತೆ ನಿಂತು ಇನ್ನೆಲ್ಲೋ ಶುರುವಾಗುತ್ತದೆ. ಆಗ ಅವರು ಕಣ್ಣು ತೆರೆಯದೆ, ಸ್ವಲ್ಪ ಮೆಲ್ಲಗೆ ಕಣೇ, ಅನ್ನುತ್ತಾರೆ, ಅಷ್ಟೇ, ಅದೂ ಎಷ್ಟು ಮೆತ್ತಗೆ. ಮೇಜಿನ ಕಾಲಿಗೆ ಸ್ಪಂಜು ಕಟ್ಟಿದರು, ಕಲ್ಲು ಚಪ್ಪಡಿ ತಂದಿಟ್ಟರು, ಉಪಯೋಗವಾಗಲಿಲ್ಲ, ನಾನು ಮೆಲ್ಲಗೆ ನಡೆಯುವುದನ್ನು ಕಲಿತೆ, ಅದು ಉಪಯೋಗವಾಯಿತು. ಮಗು ಹುಟ್ಟಿತು, ತೆವಳಿತು, ಎದ್ದು ನಿಂತಿತು, ಎಷ್ಟು ಗಲಾಟೆ ಇಲ್ಲದ ಮಗು ರೀ ನಿಮ್ಮದು ಅಂತ ಕೆಳಗಿನ ಮನೆಯಾಕೆ ಹೊಗಳಿದಳು, ನಾನೂ ಬೀಗಿದೆ.

ಮೊನ್ನೆ ಶಾಲೆಯಿಂದ ಕರೆ. ಟೀಚರ್ ಪಾಪ ಹೇಗೆ ಹೇಳುವುದೆಂದು ತಡವರಿಸಿದರು, ನಿಮ್ಮ ಮಗಳ ಕಾಲಿಗೆ ಏನಾದ್ರೂ ತೊಂದ್ರೆ ಇದೆಯಾ, ತುದಿಗಾಲಲ್ಲೇ ನಡೀತಾಳೆ, ಮೈದಾನದಲ್ಲೂ ಹಾಗೇ, ಓಡು ಅಂದ್ರೂ ಹಾಗೇ ಓಡ್ತಾಳೆ, ಮಕ್ಕಳು ನಗ್ತಾರೆ. ಡಾಕ್ಟರು ಪಾದ ಒತ್ತಿ ನೋಡಿದರು, ತಿರುಗಿಸಿ ನೋಡಿದರು, ಮೂಳೆಗೇನೂ ಆಗಿಲ್ಲಮ್ಮ, ಮನೇಲಿ ಯಾರಾದ್ರೂ ಹೀಗೆ ನಡೀತಾರಾ ಅಂದರು. ಇಲ್ಲ ಅಂದೆ. ಥಟ್ಟನೆ ಅಂದುಬಿಟ್ಟೆ. ಮನೆಗೆ ಬಂದು ಅನ್ನಕ್ಕೆ ನೀರಿಡಲು ಹೋಗುವಾಗ ಕೆಳಗೆ ನೋಡಿಕೊಂಡೆ, ನನ್ನ ಹಿಮ್ಮಡಿಯೂ ನೆಲಕ್ಕೆ ತಾಕಿರಲಿಲ್ಲ. ಅವರಿಗೆ ಹೇಳಲಿಲ್ಲ, ಹೇಳಿದರೆ ಏನು ಮಾಡುತ್ತಾರೆಂದು ಗೊತ್ತು, ಒಂದು ಮಾತೂ ಆಡದೆ ಮರುದಿನವೇ ಎಲ್ಲವನ್ನೂ ಮಾರಿ ಬರುತ್ತಾರೆ, ಆಮೇಲೆ ಅದೇ ಕುರ್ಚಿಯಲ್ಲಿ ಕೂತು ಖಾಲಿ ಮೇಜು ನೋಡುತ್ತಾರೆ, ಬೈಯದ ಮನುಷ್ಯನ ಸಿಟ್ಟಿಗಿಂತ ತ್ಯಾಗವನ್ನು ಸಹಿಸುವುದು ಕಷ್ಟ. ಅದಕ್ಕೇ ಈ ರ‍್ಯಾಕು, ಈ ಹೆಬ್ಬೆರಳು, ಈ ದರಿದ್ರ ನಟ್ಟು — ಸಿಕ್ಕಿತು, ಸೋಫಾದ ಕಾಲಿನ ಹಿಂದೆ.

ಬಿಚ್ಚು, ಎಲ್ಲ ಬಿಚ್ಚು, ಮೊದಲಿನಿಂದ ಹಾಕು. ಸ್ಪ್ಯಾನರ್ ಜಾರುತ್ತದೆ, ಬೆವರಿಗೋ ಸಿಟ್ಟಿಗೋ. ವಾಲಿದ ಸರಳಿನ ತೂತನ್ನು ಅರದಿಂದ ಉಜ್ಜಿ ಉಜ್ಜಿ ಅಗಲ ಮಾಡಿ, ಅಗಲವಾದದ್ದನ್ನು ದೊಡ್ಡ ವಾಷರಿನಿಂದ ಮುಚ್ಚಿದೆ, ನೆರಿಗೆಯಲ್ಲಿ ಮುಚ್ಚಿದ ಹಾಗೆಯೇ, ಗಡ್ಡದವನು ನೋಡಿದರೆ ನೋಡಲಿ. ಟೆನಿಸ್ ಚೆಂಡು ಅರ್ಧ ಮಾಡಿ ಮೇಲಿನ ಹಲಗೆಯ ಮೇಲೆ ಬೋರಲು ಹಾಕಿ ಅದರ ಮೇಲೆ ಟರ್ನ್‌ಟೇಬಲ್ ಇಡಬೇಕಂತೆ, ನಡುಕವನ್ನು ಅದು ಹೀರುತ್ತದಂತೆ. ಚೆಂಡು ಕೊಯ್ಯುವಾಗ ಪುಟ್ಟಿ ಒಳಗಿನಿಂದ ಬಂದಳು, ಬಂದದ್ದು ಕೇಳಿಸಲೇ ಇಲ್ಲ, ಅಮ್ಮಾ ಹೊಸಾ ಚೆಂಡು, ಯಾಕೆ ಕೊಯ್ದೆ. ಅಪ್ಪನ ಹಾಡಿಗೆ ಕಣೇ. ಅಪ್ಪನ ಹಾಡಿಗೆ ಚೆಂಡೂ ಬೇಕಾ. ಹೋಗು ಚಿತ್ರ ಬರಿ ಅಂತ ಗದರಿದೆ, ಹೋದಳು, ಹೋದದ್ದೂ ಕೇಳಿಸಲಿಲ್ಲ.

ಮೂಲೆಗೆ ತಳ್ಳಿದೆ, ನೆಲ ಗೋಡೆಗೆ ಸೇರುವಲ್ಲಿ ಅಷ್ಟು ಕುಣಿಯುವುದಿಲ್ಲ. ಕೆಳಗೆ ರೆಕಾರ್ಡುಗಳ ಭಾರ, ನಡುವೆ ಆಂಪ್ಲಿಫೈಯರ್, ಮೇಲೆ ಆ ಮಹಾರಾಜ. ಚೆಂದವಿಲ್ಲ, ಒಂದು ಭುಜ ಎತ್ತಿ ನಿಂತ ಹಾಗಿದೆ. ಮೆಟ್ಟಿಲ ಮೇಲೆ ಬೂಟಿನ ಸದ್ದು, ಇಷ್ಟು ಬೇಗ. ಬಾಗಿಲಲ್ಲೇ ನಿಂತರು, ಇದೇನೇ ಇದು, ವೈರೆಲ್ಲ ಬಿಚ್ಚಿದ್ಯಾರು. ನಾನೇ. ನೀನಾ. ನಾನೇ ರೀ, ಕೂತ್ಕೊಳ್ಳಿ, ಒಂದು ಹಾಕಿ. ನಟ್ಟುಗಳ ಮೇಲೆ ಬೆರಳಾಡಿಸಿದರು, ವಾಲಿದ ಮೂಲೆಯಲ್ಲಿ ಬೆರಳು ನಿಂತಿತು, ನನ್ನ ಹೆಬ್ಬೆರಳು ನೋಡಿದರು, ರೆಕಾರ್ಡ್ ಹಾಕಿದರು. ನಡೆದೆ. ಮುಳ್ಳು ಹಾರಲಿಲ್ಲ. ಗಟ್ಟಿಯಾಗಿ ನಡೆದೆ, ಆಮೇಲೆ ತಡೆಯಲಾಗದೆ ಧಡ್ ಧಡ್ ಅಂತ ತುಳಿದೆ, ಅಡುಗೆಮನೆಯ ಲೋಟಗಳು ಗಲಗಲ ಅಂದವು, ಕಿಟಕಿಯ ಗಾಜು ಗುಂಯ್ ಅಂದಿತು, ಕೆಳಗಿನ ಮನೆಯಾಕೆ ಕೋಲಿನಿಂದ ಛಾವಣಿ ಕುಟ್ಟಿದಳು, ಕುಟ್ಟಲಿ, ಮುಳ್ಳು ಹಾರಲಿಲ್ಲ! ಸಾಕು ಮಾರಾಯ್ತಿ, ಏನಾಯ್ತೇ ನಿಂಗೆ, ನಗುತ್ತಿದ್ದಾರೆ. ಏನಾಯಿತೆಂದು ಹೇಳಿದೆ, ಟೀಚರು, ಡಾಕ್ಟರು, ಎಲ್ಲ, ಹಾಡಿನ ಮೇಲೆಯೇ, ಜೋರಾಗಿ. ನಗು ಇಳಿಯಿತು. ಪುಟ್ಟೀ ಬಾ ಇಲ್ಲಿ ಅಂತ ಕೂಗಿದರು, ಡಿಪೋದಲ್ಲಿ ಕೂಗುವ ದನಿಯಲ್ಲಿ, ಈ ಮನೆಯಲ್ಲಿ ಮೊದಲ ಸಲ.

ಬಂದಳು. ಕುಣಿ ಪುಟ್ಟೀ, ಜೋರಾಗಿ ಕುಣಿ, ಏನೂ ಆಗಲ್ಲ ನೋಡು, ಅವರೇ ಎದ್ದು ಒಂದು ಸಲ ಎಗರಿ ತೋರಿಸಿದರು, ಹೊಟ್ಟೆ ಕುಲುಕಿತು. ಅವಳು ಅಪ್ಪನನ್ನು ನೋಡಿದಳು, ತಿರುಗುವ ರೆಕಾರ್ಡನ್ನು ನೋಡಿದಳು, ಪಿಸುಗುಟ್ಟಿದಳು — ಹಾಡು ಮುಗೀಲಿ ಅಪ್ಪಾ. ಪಿಸುಗುಟ್ಟಿ ಅಲ್ಲೇ ನಿಂತಿದ್ದಾಳೆ, ಬಾಗಿಲ ಕಡೆಯಿಂದ ಸಂಜೆಯ ಬಿಸಿಲು ನೆಲದುದ್ದಕ್ಕೂ ಹಾಸಿದೆ, ಅದು ಅವಳ ಪಾದಗಳ ಅಡಿಯಿಂದಲೇ ಹಾದು ಈ ಕಡೆ ಬರುತ್ತಿದೆ, ಅವರೂ ಅದನ್ನೇ ನೋಡುತ್ತಿದ್ದಾರೆ, ನಾನೂ, ಹಾಡು ಮುಗಿಯುತ್ತಿಲ್ಲ, ಆ ಎರಡು ಹಿಮ್ಮಡಿ, ಅವುಗಳ ಅಡಿಯಲ್ಲಿ ಬಿಸಿಲು, ಒಂದು ಬೆರಳು ದಪ್ಪ, ಹಿಮ್ಮಡಿ, ಬಿಸಿಲು, ಹಿಮ್ಮಡಿ —